ಹೊಳೆ ದಂಡೆಯ ಮನೆ: ವಿಮೆ ಮಾಡಿಸುವುದೋ, ಜಾಗ ಬದಲಿಸುವುದೋ?

ಪ್ರಶ್ನೆ: ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಹಳ್ಳಿ ನಮ್ಮದು. ಕಲ್ಲು–ಮಣ್ಣಿನ ಗೋಡೆ, ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಹಳೆ ಮನೆ. ಮನೆಯ ಉತಾರ (ಆಸ್ತಿಯ ದಾಖಲೆ) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. 2005ರಲ್ಲಿ ನೀರು ಕಟ್ಟೆ ತನಕ ಬಂದಿತ್ತು. 2019ರಲ್ಲಿ ಪಡಸಾಲೆಯಲ್ಲಿ 4 ಅಡಿ ನಿಂತು ಹಿಂದಿನ ಗೋಡೆ ಬಿತ್ತು, 2021ರಲ್ಲಿ ಹೊಸ್ತಿಲು ಮುಟ್ಟಿ ಹೋಯಿತು. ಅದೇ ಜಾಗದಲ್ಲಿ 5 ಅಡಿ ಮಣ್ಣು ತುಂಬಿ 15 ಲಕ್ಷ ರೂಪಾಯಿ ಸಾಲ ಮಾಡಿ ಹೊಸ ಮನೆ ಕಟ್ಟಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ ಬಂದು ಹೋಯಿತು, ಇನ್ನು ಭಯವಿಲ್ಲ ಅನ್ನುತ್ತಾರೆ. ಏಜೆಂಟರು 'ಎಲ್ಲಾ ಕವರ್ ಆಗುತ್ತದೆ' ಎಂದರೆ, ನೆರೆಯವರು ಹೊಳೆ ದಂಡೆಗೆ ವಿಮೆಯೇ ಕೊಡುವುದಿಲ್ಲ, ಸರ್ಕಾರದ ಪರಿಹಾರವೇ ಸಾಕು ಎನ್ನುತ್ತಾರೆ. ಆಲಮಟ್ಟಿ ಎತ್ತರಿಸಿದರೆ ನಮ್ಮ ಗತಿ ಏನು? ಮೂರು ಎಕರೆ ಕಬ್ಬು, ಎರಡು ಎಮ್ಮೆಗಳೂ ಇವೆ.

ಉತ್ತರ: ನೀವು ವಿಮೆಯ ಬಗ್ಗೆ ಕೇಳಿದ್ದೀರಿ. ಆದರೆ ಪತ್ರ ಓದಿದರೆ ನಿಮ್ಮ ನಿಜವಾದ ಚಿಂತೆ ಆ 15 ಲಕ್ಷದ್ದು ಎಂದು ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆ ಜಾಗದಲ್ಲಿ ಮಣ್ಣು ತುಂಬಿ ಕಟ್ಟಬೇಡಿ. ಈಗಿರುವ ಮನೆಗೆ ವಿಮೆ ಮಾಡಿಸಿ, ಅದೂ ಮಳೆಗಾಲಕ್ಕೆ ಮುಂಚೆ. ಅದಕ್ಕಿಂತ ಮೊದಲು ಉತಾರದಲ್ಲಿ ಹೆಸರು ಸರಿಮಾಡಿಸಿ. ಈ ಮೂರನೆಯದನ್ನು ಬಿಟ್ಟರೆ ಮೊದಲಿನ ಎರಡೂ ಕೆಡುತ್ತವೆ.

'ನೂರು ವರ್ಷಕ್ಕೊಮ್ಮೆ' ಎಂಬ ಮಾತಿನಿಂದ ಆದಷ್ಟು ಹಾನಿ ಹೊಳೆ ದಂಡೆಯ ಊರುಗಳಲ್ಲಿ ಬೇರೆ ಯಾವ ಮಾತಿನಿಂದಲೂ ಆಗಿಲ್ಲ. ಯಾವುದೇ ಒಂದು ವರ್ಷ ಆ ಮಟ್ಟಕ್ಕೆ ನೀರು ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಅದರ ಅರ್ಥ. ಒಮ್ಮೆ ಬಂದ ಮೇಲೆ ಹೊಳೆ 99 ವರ್ಷ ರಜೆ ಹಾಕುವುದಿಲ್ಲ. 20 ವರ್ಷದ ಸಾಲದ ಅವಧಿ ಹಿಡಿದು ಲೆಕ್ಕ ಹಾಕಿ: ವರ್ಷಕ್ಕೆ ನೂರರಲ್ಲಿ ಒಂದು ಸಂಭವವಿರುವ ಮಹಾಪೂರ ಆ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 18. ನೂರರಲ್ಲಿ ನಾಲ್ಕು ಎಂದಾದರೆ ಶೇ 56. ನಿಮ್ಮ ಮನೆಯ ಕಥೆಯಲ್ಲಿ 2005, 2019, 2021 ಎಂದು ಮೂರು ವರ್ಷಗಳಿವೆ. 2019ರ ಮಟ್ಟವನ್ನು ಬಿಟ್ಟರೂ ಹೊಸ್ತಿಲ ಮಟ್ಟದ ನೀರು ನಿಮ್ಮಲ್ಲಿ ಅಪರೂಪವಲ್ಲ.

ಘಟಪ್ರಭೆಯ ಹಿಡಕಲ್ ಅಣೆಕಟ್ಟೆಯ ಗೇಟು ತೆಗೆದರೆ ಮಾತ್ರ ಮಹಾಪೂರ ಎಂಬ ನಂಬಿಕೆಯೂ ನಿಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಅರ್ಧ ಮಾತ್ರ ನಿಜ. ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುವುದು ಹಿಡಕಲ್ ಅಣೆಕಟ್ಟೆಯ ಕೆಳಗೆ, ಮಾರ್ಕಂಡೇಯ ಕೂಡುವುದು ಗೋಕಾಕದ ಹತ್ತಿರ. ಆ ನೀರಿಗೆ ಹಿಡಕಲ್ ಗೇಟಿನ ಹಂಗಿಲ್ಲ. ಇನ್ನು ಅಣೆಕಟ್ಟೆಯ ಲೆಕ್ಕ ನೋಡಿ. ಅದರ ಸಾಮರ್ಥ್ಯ 51 ಟಿಎಂಸಿ. 45 ತುಂಬಿದ್ದಾಗ ಉಳಿಯುವುದು 6. ಒಂದು ಲಕ್ಷ ಕ್ಯುಸೆಕ್ ಒಳಹರಿವು ದಿನಕ್ಕೆ 8.64 ಟಿಎಂಸಿ ಆಗುತ್ತದೆ. ಎಂದರೆ ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟರೂ 17 ತಾಸಿನೊಳಗೆ ಭರ್ತಿ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಆಗಸ್ಟ್ ಮೊದಲ ವಾರಕ್ಕೇ ಜಲಾಶಯ ತುಂಬಿಸಿಟ್ಟುಕೊಳ್ಳುವುದು ನೀರಾವರಿಗೆ ಅನುಕೂಲ, ಮಹಾಪೂರಕ್ಕೆ ಪ್ರತಿಕೂಲ. ಈ ಜಗ್ಗಾಟ ಪ್ರತಿ ವರ್ಷದ್ದು, ಅದರಲ್ಲಿ ನಿಮ್ಮ ಹಳ್ಳಿ ಗೆಲ್ಲುತ್ತದೆ ಎಂದು ನಂಬಿ ಮನೆ ಕಟ್ಟಲಾಗದು.

2009ರ ಮಹಾಪೂರದ್ದು ಬೇರೆಯೇ ಜಾತಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬಯಲುಸೀಮೆಯ ಮೇಲೇ ಮಳೆ ಸುರಿಯಿತು. ಜಲಾಶಯಗಳು ಆಗಲೇ ತುಂಬಿದ್ದವು. ಮಲಪ್ರಭಾ ದಂಡೆ, ರಾಯಚೂರು ಸೀಮೆ ನೆಲ ಕಚ್ಚಿದವು. ಘಟ್ಟದ ಮಳೆ ನಿಮ್ಮಲ್ಲಿಗೆ ಹರಿದು ಬರುವುದರೊಳಗೆ ಸಾಮಾನು ಸಾಗಿಸಲು ಸಮಯ ಸಿಗುತ್ತದೆ. ಬಯಲಿನ ಮಳೆಗೆ ಹಳ್ಳಗಳು ರಾತ್ರೋರಾತ್ರಿ ಏರುತ್ತವೆ. ಆಗಸ್ಟ್ ಮುಗಿಯಿತೆಂದು ಅಟ್ಟದ ಮೇಲಿಟ್ಟ ಜೋಳದ ಚೀಲ ಕೆಳಗಿಳಿಸುವವರು ಇದನ್ನು ಮರೆಯಬಾರದು.

ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯ ವಿಷಯ. ಈಗಿನ ಗರಿಷ್ಠ ಮಟ್ಟ 519.60 ಮೀಟರ್, ಪ್ರಸ್ತಾಪದಲ್ಲಿರುವುದು 524.256 ಮೀಟರ್. ಎರಡೂ ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಸಾಂಗಲಿಯವರು ಅಲ್ಲಿಯ ಮಹಾಪೂರಕ್ಕೆ ಆಲಮಟ್ಟಿಯನ್ನು ದೂರುತ್ತಾರೆ, ಚಿಕ್ಕೋಡಿಯವರು ಇಲ್ಲಿಯದಕ್ಕೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯನ್ನು. 2019ರ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿ ಹಿನ್ನೀರು ಸಾಂಗಲಿ ಮುಳುಗಲು ಕಾರಣವಲ್ಲ ಎಂದಿತು, ಆದರೂ ವಾದ ನಿಂತಿಲ್ಲ. ನಿಮಗೆ ಈ ವಾದ ಬೇಡ. ನಿಮ್ಮ ಹೊಸ್ತಿಲು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂಬುದು ಬೇಕು. ಅದು 524ಕ್ಕಿಂತ ಬಹಳ ಮೇಲಿದ್ದರೆ ನಿಮ್ಮ ಶತ್ರು ಮೇಲಿನಿಂದ ಬರುವ ನೀರು. ಹತ್ತಿರದಲ್ಲಿದ್ದರೆ ಹಿನ್ನೀರಿನಿಂದ ಹೊಳೆಯ ಇಳಿತ ನಿಧಾನವಾಗುವ ಪ್ರಶ್ನೆಯೂ ಸೇರುತ್ತದೆ.

ಇದನ್ನು ಅಳೆಯುವುದು ಕಷ್ಟವಲ್ಲ. 2019ರ ಕೆಸರಿನ ಗೆರೆ ಗೋಡೆಯ ಮೇಲೆ ಇನ್ನೂ ಕಾಣುತ್ತಿದ್ದರೆ ಸುಣ್ಣ ಬಳಿಯುವ ಮುಂಚೆ ಅಲ್ಲೊಂದು ಮೊಳೆ ಹೊಡೆಯಿರಿ, ಟೇಪು ಹಿಡಿದು ಫೋಟೊ ತೆಗೆದಿಡಿ. ಖಾಸಗಿ ಸರ್ವೆಯವರನ್ನು ಆಟೋ ಲೆವೆಲ್ (ಮಟ್ಟ ಅಳೆಯುವ ಉಪಕರಣ) ಸಮೇತ ಒಂದು ದಿನಕ್ಕೆ ಕರೆಸಿದರೆ ಹತ್ತಿರದ ಸೇತುವೆ ಅಥವಾ ಕಾಲುವೆಯಲ್ಲಿ ಎತ್ತರ ಬರೆದಿಟ್ಟ ಗುರುತಿನಿಂದ (ಬೆಂಚ್‌ಮಾರ್ಕ್) ಮಟ್ಟ ತಂದುಕೊಡುತ್ತಾರೆ. ಮೊಬೈಲ್ ಆ್ಯಪಿನ ಎತ್ತರ ನಂಬಬೇಡಿ, ಅದರಲ್ಲಿ ಹಲವು ಮೀಟರ್ ಹೆಚ್ಚುಕಡಿಮೆ ಬರುತ್ತದೆ. ಊರೊಳಗಿನ ಇನ್ನೊಂದು ಜಾಗ ಹೋಲಿಸಲು ಗೌಂಡಿಗಳ ಲೆವೆಲ್ ಪೈಪೇ ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡು ಮೊಳೆಯ ಮಟ್ಟವನ್ನು ಕಂಬದಿಂದ ಕಂಬಕ್ಕೆ ದಾಟಿಸುತ್ತ ಹೋಗಿ. ಜೊತೆಗೆ ಒಂದು ವಹಿಯಲ್ಲಿ ಬರೆದಿಡಿ: ಗೋಕಾಕದ ಲೋಳಸೂರ ಸೇತುವೆ ಮುಳುಗಿದ ಎಷ್ಟು ತಾಸಿಗೆ ಯಾದವಾಡ ಸೇತುವೆ ಮುಳುಗಿತು, ಎಷ್ಟು ತಾಸಿಗೆ ನಿಮ್ಮ ಕಟ್ಟೆಗೆ ನೀರು ಬಂತು. ಎರಡು ಮಳೆಗಾಲದ ಆ ದಾಖಲೆ ಯಾವ ಮುನ್ಸೂಚನೆಗಿಂತಲೂ ನಿಮಗೆ ಉಪಯೋಗ. ಕೇಂದ್ರ ಜಲ ಆಯೋಗದ 'ಫ್ಲಡ್‌ವಾಚ್ ಇಂಡಿಯಾ' ಆ್ಯಪನ್ನು ಅದರ ಜೊತೆಗಿಟ್ಟು ನೋಡಿ.

ಈಗ ವಿಮೆ. ಹೊಳೆ ದಂಡೆಗೆ ವಿಮೆಯೇ ಇಲ್ಲ ಎಂಬುದು ತಪ್ಪು. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆಯ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ವಿಮೆ ಕೊಡುತ್ತಿವೆ. ಪ್ರವಾಹ, ಜಲಾವೃತ ಅದರಲ್ಲಿ ಮೊದಲೇ ಸೇರಿವೆ, ಪ್ರತ್ಯೇಕವಾಗಿ ಕೊಳ್ಳಬೇಕಿಲ್ಲ. ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ಮನೆ ಸಾಮಾನು ತಾನಾಗಿಯೇ ಸೇರುತ್ತದೆ. ಕಂಪೌಂಡ್ ಗೋಡೆ, ಸೆಪ್ಟಿಕ್ ಟ್ಯಾಂಕ್, ಗೋಬರ್ ಗ್ಯಾಸ್ ಗುಂಡಿ, ಸೋಲಾರ್ ಫಲಕ ಕಟ್ಟಡದ ಲೆಕ್ಕಕ್ಕೇ ಬರುತ್ತವೆ. ಮನೆ ವಾಸಕ್ಕೆ ಯೋಗ್ಯವಾಗುವ ತನಕ ಬೇರೆ ಕಡೆಯ ಬಾಡಿಗೆಯೂ ಸಿಗುತ್ತದೆ. ಕಂಪನಿ ನಿಮ್ಮ ಜಾಗ ನೋಡಿ ಪ್ರಸ್ತಾವ ತಿರಸ್ಕರಿಸಬಹುದು, ಅದು ಅದರ ಹಕ್ಕು. ಒಂದು ಕಂಪನಿ ಒಲ್ಲೆ ಎಂದರೆ ಇನ್ನೊಂದಕ್ಕೆ ಕೇಳಿ. ಆದರೆ ಹಿಂದೆ ನೀರು ಬಂದದ್ದನ್ನು ಮುಚ್ಚಿಡಬೇಡಿ. ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆದು ತೆಗೆದುಕೊಂಡ ಪಾಲಿಸಿ ಕ್ಲೇಮಿನ ದಿನವೇ ಸಾಯುತ್ತದೆ.

ಮೊತ್ತ ನಿಗದಿಯಲ್ಲೇ ಅರ್ಧ ಜನ ಎಡವುತ್ತಾರೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ. ಕಾರ್ಪೆಟ್ ಏರಿಯಾ ಗುಣಿಸು ಇವತ್ತಿನ ಕಟ್ಟುವ ದರ, ಅಷ್ಟೇ. 800 ಚದರ ಅಡಿ, ಅಡಿಗೆ 1,600 ರೂಪಾಯಿ ಹಿಡಿದರೆ 12.8 ಲಕ್ಷ, ಸಾಮಾನಿಗೆ ತಾನಾಗಿ 2.56 ಲಕ್ಷ. ಮೊತ್ತ ಕಡಿಮೆಯಾಗಿದ್ದರೂ ಅದೇ ಪ್ರಮಾಣದಲ್ಲಿ ಕ್ಲೇಮ್ ಕತ್ತರಿಸುವ ಹಳೆ ಪದ್ಧತಿ ಈ ಪಾಲಿಸಿಯಲ್ಲಿ ಇಲ್ಲ. ಆದರೆ ಅಳತೆಯನ್ನೇ ತಪ್ಪು ಬರೆದರೆ ಆ ರಕ್ಷಣೆಯೂ ಹೋಗುತ್ತದೆ. ಗೋಡೆ ಮಣ್ಣಿನದ್ದು, ಮೇಲೆ ಮೇಲ್ಮುದ್ದೆ, ಪಕ್ಕದಲ್ಲಿ ಪತ್ರಾಸಿನ ದನದ ಕೊಟ್ಟಿಗೆ ಎಂದು ಸ್ಪಷ್ಟವಾಗಿ ಬರೆಸಿ. ಏಜೆಂಟರು ಅಭ್ಯಾಸಬಲದಿಂದ 'ಆರ್‌ಸಿಸಿ' ಎಂದು ತುಂಬಿರುತ್ತಾರೆ. ಪಾಲಿಸಿ ಕೈಗೆ ಬಂದ ದಿನ ಓದಿ, ತಪ್ಪಿದ್ದರೆ ತಿದ್ದುಪಡಿಗೆ ಬರೆದುಕೊಡಿ. ಒಂದು ಸಾಧಾರಣ ಹಳ್ಳಿಮನೆಗೆ ವರ್ಷದ ಕಂತು ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದೊಳಗೇ ಇರುತ್ತದೆ. ಕಂತು ತಲುಪಿದ ಮೇಲಷ್ಟೇ ಹೊಣೆ ಶುರು. ಅಂಗಳಕ್ಕೆ ನೀರು ಬಂದಾಗ ಫೋನು ಮಾಡಿದರೆ ಯಾರೂ ಪ್ರಸ್ತಾವ ತೆಗೆದುಕೊಳ್ಳುವುದಿಲ್ಲ.

'ಎಲ್ಲಾ ಕವರ್' ಎಂಬ ಮಾತಿಗೆ ಬರೋಣ. ಬಂಗಾರಕ್ಕೆ ಹೆಚ್ಚುವರಿ ಕವರ್ ಬೇಕು. ಮಾರಾಟಕ್ಕೆಂದು ತುಂಬಿಟ್ಟ ಜೋಳ, ಗೊಬ್ಬರದ ಚೀಲವನ್ನು 'ಗೃಹೋಪಯೋಗಿ ಸಾಮಾನು ಅಲ್ಲ' ಎಂದು ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಿಟ್ಟುಬಿಡಬಹುದು. ನಿಮ್ಮ ಮಟ್ಟಿಗೆ ಅತಿ ಮುಖ್ಯವಾದದ್ದು ಭೂಕುಸಿತದ ಷರತ್ತು. ಮನೆ ನಿಂತ ನೆಲ ಕುಸಿದರೆ ಪಾಲಿಸಿ ಕೊಡುತ್ತದೆ, ಆದರೆ ನದಿಯ ಕೊರೆತದಿಂದ ಕುಸಿದರೆ ಇಲ್ಲ, ತುಂಬಿದ ಮಣ್ಣು ಜರುಗಿ ಕುಸಿದರೂ ಇಲ್ಲ. ಅಪ್ಪನವರ ಯೋಜನೆ ಇದೆಯಲ್ಲ, ದಂಡೆಯ ಮೇಲೆ 5 ಅಡಿ ತುಂಬಿ ಕಟ್ಟುವುದು, ಅದು ಈ ಎರಡೂ ಹೊರಗಿಟ್ಟ ಕಾರಣಗಳನ್ನು ಒಂದೇ ಜಾಗಕ್ಕೆ ತಂದುಕೊಳ್ಳುವ ಯೋಜನೆ.

ಉತಾರದ ಮಾತು ಇಲ್ಲೇ ಹೇಳಬೇಕು. ವಿಮೆ ಮಾಡಿಸುವವರಿಗೆ ಆಸ್ತಿಯಲ್ಲಿ ಹಿತಾಸಕ್ತಿ ಇರಬೇಕು. ಪಾಲಿಸಿ ಅಪ್ಪನ ಹೆಸರಲ್ಲಿ, ಮನೆ ಅಜ್ಜನ ಹೆಸರಲ್ಲಿ, ಚಿಕ್ಕಪ್ಪಂದಿರ ಪಾಲು ಬಾಯಿಮಾತಿನಲ್ಲಿ ಎಂದಾದರೆ ಹಣ ಬರುವ ಹೊತ್ತಿಗೆ ಕಂಪನಿ ವಾರಸಾ ಪ್ರಮಾಣಪತ್ರ, ಒಪ್ಪಿಗೆ ಪತ್ರ ಕೇಳುತ್ತದೆ. ಸರ್ಕಾರದ ಪರಿಹಾರವೂ ಇದೇ ಕಾರಣಕ್ಕೆ ಎಷ್ಟೋ ಮನೆಗಳಿಗೆ ತಡವಾಗಿದೆ. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ನಿಮ್ಮವರ ಹೆಸರಿಗೆ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ನಡುವೆ ಮಾತು ಮೆತ್ತಗಿರುವಾಗಲೇ ಇದು ಮುಗಿಯಬೇಕು.

ಸರ್ಕಾರದ ಪರಿಹಾರ ಸಾಕೇ? ಅದು ನಷ್ಟ ಭರ್ತಿಯಲ್ಲ, ತಕ್ಷಣದ ಆಸರೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿ ಕನಿಷ್ಠ ಶೇ 15 ಇದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. 2019ರಲ್ಲಿ ರಾಜ್ಯ ಸರ್ಕಾರ ಪೂರ್ಣ ಹಾನಿಗೆ 5 ಲಕ್ಷ ಘೋಷಿಸಿತು, ಅದನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಅದು ಆ ವರ್ಷದ ಸರ್ಕಾರದ ತೀರ್ಮಾನ, ಮುಂದಿನ ವರ್ಷದ ಹಕ್ಕಲ್ಲ. ಆ ವರ್ಷ ಎ, ಬಿ, ಸಿ ಎಂದು ಹಾನಿಯ ವರ್ಗ ಮಾಡುವಲ್ಲೇ ದೊಡ್ಡ ಜಗಳ ನಡೆಯಿತು. ಕಾರಣ ಸರಳ: ಮಣ್ಣಿನ ಗೋಡೆ ನೀರಿನಲ್ಲಿ ನಿಂತಿರುವಾಗ ಬೀಳುವುದು ಕಡಿಮೆ, ನೀರು ಇಳಿದು ಬಿಸಿಲು ಬಿದ್ದ ಮೇಲೆ, ವಾರ ಎರಡು ವಾರ ಬಿಟ್ಟು ಬೀಳುತ್ತದೆ. ಅಷ್ಟರಲ್ಲಿ ಸಮೀಕ್ಷೆ ಮುಗಿದು 'ಭಾಗಶಃ' ಎಂದು ದಾಖಲಾಗಿರುತ್ತದೆ. ಆಮೇಲೆ ಗೋಡೆ ಬಿದ್ದರೆ ಅದೇ ದಿನ ಫೋಟೊ ಸಮೇತ ತಹಶೀಲ್ದಾರರಿಗೆ ಮರುಪರಿಶೀಲನೆಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಮೆ ಇದೆ ಎಂದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ, ಪರಿಹಾರ ಬಂತೆಂದು ವಿಮೆಯನ್ನೂ ಬಿಡಬೇಕಿಲ್ಲ.

ಕಬ್ಬಿನ ವಿಷಯದಲ್ಲಿ ಸಮಾಧಾನದ ಮಾತು ಕಡಿಮೆ. ಫಸಲ್ ಬಿಮಾದಲ್ಲಿ ಹೊಲ ಜಲಾವೃತವಾದರೆ ಆಯಾ ಬೆಳೆಗಾರರ ಹೊಲವನ್ನೇ ನೋಡಿ ನಷ್ಟ ಎಣಿಸುವ ಅವಕಾಶ ಇದೆ, 72 ತಾಸಿನೊಳಗೆ 14447 ಸಹಾಯವಾಣಿಗೆ ಅಥವಾ ಕಂಪನಿಗೆ ತಿಳಿಸಬೇಕು. ಆದರೆ ಭತ್ತ, ಕಬ್ಬಿನಂಥ ನೀರು ತಾಳುವ ಬೆಳೆಗಳನ್ನು 2018ರ ಮಾರ್ಗಸೂಚಿ ಇದರಿಂದ ಹೊರಗಿಟ್ಟಿತು. ಭತ್ತವನ್ನು 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ ಹೇಳಿದೆ. ಕಬ್ಬು ತಾಳುತ್ತದೆ ಎಂಬುದಕ್ಕೂ ಮಿತಿ ಇದೆ: ಸುಳಿ ನೀರಿನ ಮೇಲಿದ್ದರೆ ಉಳಿದೀತು, ಸುಳಿಯೊಳಗೆ ಕೆಸರು ಹೊಕ್ಕರೆ ಕೊಳೆಯುತ್ತದೆ. ಅದೇ 2022–26ರ ಮಾನದಂಡದಲ್ಲಿ ಶೇ 33 ಅಥವಾ ಹೆಚ್ಚು ಹಾನಿಯಾದರೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಪರಿಹಾರ, ಗರಿಷ್ಠ 2 ಹೆಕ್ಟೇರ್. ನಿಮ್ಮ ಮೂರು ಎಕರೆಗೆ 20 ಸಾವಿರ ಚಿಲ್ಲರೆ. ದಂಡೆಗೆ ಹತ್ತಿರದ ಎಕರೆಯಲ್ಲಿ ಗೋವಿನಜೋಳ ಅಥವಾ ಹೆಸರು ಹಾಕಿದರೆ ಅವಕ್ಕೆ ಕಂತು ಮುಂಗಾರಿಗೆ ಮೊತ್ತದ ಶೇ 2 ಮಾತ್ರ. ಆದರೆ ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇರಬೇಕು. ಇಲ್ಲದಿದ್ದರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ.

ಎಮ್ಮೆಗಳಿಗೆ ಕಿವಿಯಲ್ಲಿ ಬಿಲ್ಲೆ ಇದೆಯೇ ನೋಡಿ. ಬಿಲ್ಲೆ ಬಿದ್ದಿದ್ದರೆ ಜಾನುವಾರು ವಿಮೆ ಇದ್ದೂ ಇಲ್ಲದಂತೆ. ನೀರು ಏರುವಾಗ ಕಣ್ಣಿ ಬಿಚ್ಚಿ ಬಿಡಿ, ಕಟ್ಟಿದ ದನ ನಿಂತಲ್ಲೇ ಸಾಯುತ್ತದೆ. ಮನೆಯಲ್ಲಿ 18ರಿಂದ 70 ವರ್ಷದೊಳಗಿನವರಿಗೆಲ್ಲ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿ. ನೀರಿನಲ್ಲಿ ಮುಳುಗಿ ಅಥವಾ ಹಾವು ಕಡಿದು ಸಾವಾದರೆ 2 ಲಕ್ಷ, ಮಹಾಪೂರದಲ್ಲಿ ಎರಡೂ ನಡೆಯುವಂಥವೇ.

ನೀರು ಬಂದ ದಿನ ಏನು ಮಾಡಬೇಕು? ಮೊದಲು ಮೀಟರಿನ ಮೇನ್ ಸ್ವಿಚ್ ತೆಗೆಯಿರಿ. ಬಾಗಿಲಿಗೆ ಮರಳಿನ ಚೀಲ ಒಟ್ಟಿ ಒಳಗೆ ನೀರು ಬರದಂತೆ ತಡೆಯುವುದು ಮಣ್ಣಿನ ಗೋಡೆಯ ಮನೆಗೆ ಅಪಾಯ. ಹೊರಗೆ 3 ಅಡಿ ನೀರು, ಒಳಗೆ ಒಣ ನೆಲ ಎಂದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 400 ಕಿಲೋ ಒತ್ತಡ. 6 ಅಡಿಯಾದರೆ ಅದು ನಾಲ್ಕು ಪಟ್ಟು. ಬಾಗಿಲು ತೆರೆದಿಟ್ಟು ನೀರು ಒಳಹೊರಗೆ ಸಮನಾಗಲು ಬಿಟ್ಟರೆ ಗೋಡೆ ಉಳಿಯುವ ಸಾಧ್ಯತೆ ಹೆಚ್ಚು. ನೀರು ಇಳಿದ ಮೇಲೂ ಪಂಪು ಹಚ್ಚಿ ಒಳಗಿನದನ್ನು ಮಾತ್ರ ಬೇಗ ಖಾಲಿ ಮಾಡಬೇಡಿ. ನೀರು ಹೊಕ್ಕ ಟ್ರ್ಯಾಕ್ಟರ್, ಬೈಕಿನ ಎಂಜಿನ್ ಚಾಲೂ ಮಾಡಬೇಡಿ. ಹಾಗೆ ಮಾಡಿ ಕೆಟ್ಟ ಎಂಜಿನ್ನಿಗೆ ಕಂಪನಿ ತಗಾದೆ ತೆಗೆಯುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಅದರಲ್ಲಿ ಏನೂ ಸಿಗುವುದಿಲ್ಲ.

ಕೆಸರು ತೊಳೆಯುವ ಮುಂಚೆ ಪ್ರತಿ ಕೋಣೆಯ ನೀರಿನ ಗೆರೆಯ ಫೋಟೊ, ಹಾಳಾದ ಸಾಮಾನಿನ ಪಟ್ಟಿ, ಫ್ರಿಜ್ಜು–ಟಿವಿಯ ಹಿಂದಿನ ಸೀರಿಯಲ್ ನಂಬರ್ ತೆಗೆದಿಡಿ. ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ಹಾಳಾದದ್ದನ್ನು ಸರ್ವೇಯರ್ ನೋಡುವ ತನಕ ತಿಪ್ಪೆಗೆ ಹಾಕಬೇಡಿ. ಬೀಳುವಂತಿರುವ ಗೋಡೆಗೆ ಆಸರೆ ಕೊಡುವುದು, ತಾಡಪತ್ರಿ ಹೊದಿಸುವುದು ಮಾಡಬಹುದು, ಮಾಡಬೇಕು ಕೂಡ, ಬಿಲ್ಲು ಇಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಸರ್ವೇಯರ್ ಎದುರು ಲೆಕ್ಕ ಉಬ್ಬಿಸಬೇಡಿ, ಒಂದು ಸುಳ್ಳು ಬಿಲ್ಲು ಸಿಕ್ಕರೆ ನಿಜವಾದ ಹತ್ತು ಬಿಲ್ಲೂ ಸಂಶಯಕ್ಕೆ ಬೀಳುತ್ತವೆ. ಮೊತ್ತ ಒಪ್ಪಿಗೆಯಾಗದಿದ್ದರೆ 'ಪೂರ್ಣ ಮತ್ತು ಅಂತಿಮ' ಎಂಬ ಕಾಗದಕ್ಕೆ ಸಹಿ ಹಾಕುವ ಮುಂಚೆ ಆಕ್ಷೇಪ ಬರೆದುಕೊಡಿ. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು, ಶುಲ್ಕವಿಲ್ಲ, ವಕೀಲರೂ ಬೇಡ.

ಉಳಿದದ್ದು ಹೊಸ ಮನೆ. 30–40ರ ಜಾಗಕ್ಕೆ 5 ಅಡಿ ತುಂಬಲು 60 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಗರಸು, ಧಮ್ಮಸ್ ಮಾಡಿದಾಗ ಇಳಿಯುವುದು ಹಿಡಿದರೆ 75 ಬ್ರಾಸ್. ಸುತ್ತ ತಡೆಗೋಡೆ ಬೇರೆ. ಅಷ್ಟು ಮಾಡಿದರೂ 2019ರ ಗೆರೆಗಿಂತ ನೆಲ ಒಂದೇ ಅಡಿ ಮೇಲೆ. ನಿಮ್ಮ ಮನೆ ಮೇಲೆದ್ದರೂ ಓಣಿ ಮುಳುಗಿಯೇ ಇರುತ್ತದೆ, ಬಾಣಂತಿಯನ್ನೋ ಮುದುಕರನ್ನೋ ಹೊರಗೆ ತರಲು ಬೋಟೇ ಗತಿ. ತುಂಬಿದ ದಿಬ್ಬದಿಂದ ಪಕ್ಕದ ಮನೆಗೆ ನೀರಿನ ಸೆಳೆತ ಹೆಚ್ಚುತ್ತದೆ, ಅದರ ಜಗಳ ಬೇರೆ.

ಎರಡನೆಯ ದಾರಿ, ತುಂಬದೆ ಆರ್‌ಸಿಸಿ ಕಂಬದ ಮೇಲೆ ಮನೆ ಎತ್ತುವುದು. ಕೆಳಗೆ ಖಾಲಿ ಬಿಟ್ಟು, ನೆಲದ ಮಟ್ಟವನ್ನು 2019ರ ಗೆರೆಗಿಂತ ಕನಿಷ್ಠ 2 ಅಡಿ ಮೇಲಿಡಿ. ಎರೆಮಣ್ಣಿನಲ್ಲಿ ಸಾಧಾರಣ ಬುನಾದಿ ನಡೆಯುವುದಿಲ್ಲ, ಉಬ್ಬಿ ಕುಗ್ಗುವ ಪದರ ದಾಟಿ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾದ ಕಾಂಕ್ರೀಟ್ ಕಂಬ) ಬೇಕಾಗುತ್ತದೆ. ಇದಕ್ಕೆ ಎಂಜಿನಿಯರರ ನಕ್ಷೆ ಬೇಕು, ಗೌಂಡಿಯ ಅಂದಾಜು ಸಾಲದು. 15 ಲಕ್ಷದಲ್ಲಿ ಮನೆ ಚಿಕ್ಕದಾಗುತ್ತದೆ. ದಂಡೆ ಕೊರೆಯುತ್ತಿರುವ ಜಾಗವಾದರೆ ಇದೂ ಬೇಡ.

ಮೂರನೆಯದು ಎತ್ತರದ ಹೊಲದಲ್ಲಿ ಅಥವಾ ಊರ ಮೇಲ್ಭಾಗದಲ್ಲಿ ಕಟ್ಟುವುದು. 2009ರ ನಂತರ ಸಂತ್ರಸ್ತರಿಗೆಂದು ಕಟ್ಟಿದ ಆಸರೆ ಮನೆಗಳಿಗೆ ಹೋದ ಎಷ್ಟೋ ಜನ ಹೊಲ ದೂರವಾಯಿತೆಂದು, ದನ ಕಟ್ಟಲು ಜಾಗವಿಲ್ಲವೆಂದು ಹಿಂದಿರುಗಿದರು. ಅಪ್ಪನವರ ಹಟದ ಹಿಂದೆಯೂ ಅದೇ ಇರಬಹುದು. ಹಾಗಿದ್ದರೆ ದನ, ಮೇವು ಹಳೆ ಮನೆಯಲ್ಲೇ ಇರಲಿ, ಮಲಗುವುದು, ಅಡುಗೆ, ಕಾಳುಕಡಿ, ಕಾಗದಪತ್ರ ಮೇಲಿನ ಮನೆಗೆ ಹೋಗಲಿ ಎಂದು ಹೇಳಿ ನೋಡಿ. ಹೊಲದಲ್ಲಿ ಕಟ್ಟುವುದಾದರೆ ಬ್ಯಾಂಕು ಸಾಮಾನ್ಯವಾಗಿ ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ಕೇಳುತ್ತದೆ, ಅದಕ್ಕೆ ತಿಂಗಳುಗಳು ಹಿಡಿಯಬಹುದು, ಈಗಲೇ ಅರ್ಜಿ ಹಾಕಿ.

ಸಾಲಕ್ಕೆ ಸಹಿ ಹಾಕುವಾಗ ಬ್ಯಾಂಕಿನವರು 'ವಿಮೆ ಮಾಡಿದ್ದೇವೆ' ಎಂದರೆ ಯಾವ ವಿಮೆ ಎಂದು ಕೇಳಿ. ಎಷ್ಟೋ ಸಲ ಅದು ಸಾಲಗಾರರು ಸತ್ತರೆ ಸಾಲ ತೀರಿಸುವ ಜೀವವಿಮೆ, ಮನೆಗೆ ಸಂಬಂಧವೇ ಇರುವುದಿಲ್ಲ. ಮನೆಯದ್ದೇ ಪಾಲಿಸಿ ಆಗಿದ್ದರೂ ಅದರಲ್ಲಿ ಬ್ಯಾಂಕಿನ ಹೆಸರಿದ್ದರೆ ಕ್ಲೇಮಿನ ಹಣ ಮೊದಲು ಸಾಲದ ಖಾತೆಗೆ ಹೋಗುತ್ತದೆ. ಆದ್ದರಿಂದ ಸಾಮಾನಿನ ಮೊತ್ತವನ್ನು ಪ್ರತ್ಯೇಕ ಪಾಲಿಸಿಯಲ್ಲಿ ಅಪ್ಪನ ಹೆಸರಿಗೆ ಇಡಲು ಬರುತ್ತದೆಯೇ ಎಂದು ಸಾಲ ಮಂಜೂರಾಗುವ ಮುಂಚೆಯೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.